ಹಳೇ ಆಟೋಮ್ಯಾಟಿಕ್ ಕಾರು ಗೇರ್ ಬದಲಿಸಲು ತಕರಾರು ಮಾಡಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ 2010ರ ಒಂದು ಸಣ್ಣ ಆಟೋಮ್ಯಾಟಿಕ್ ಕಾರಿದೆ. ನಾಲ್ಕು ಗೇರಿನದು. ಅಪ್ಪನಿಗೆ ಮಂಡಿನೋವು ಶುರುವಾದಾಗ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕ್ಲಚ್ ತುಳಿಯುವ ಕಷ್ಟ ಬೇಡ ಅಂತ ತೆಗೆದುಕೊಂಡದ್ದು. ಮೀಟರ್ 1,30,000 ಕಿ.ಮೀ. ದಾಟಿದೆ. ಇಷ್ಟು ವರ್ಷದಲ್ಲಿ ಅದರ ಗೇರ್‌ಬಾಕ್ಸ್ "ಹೋಯಿತು, ಇಳಿಸಬೇಕು" ಅಂತ ಎರಡು ಸಲ ತೀರ್ಪು ಬಂದಿದೆ. ಎರಡು ಸಲವೂ ಅದಕ್ಕೆ ಏನೂ ಆಗಿರಲಿಲ್ಲ. ಈ ಕಥೆ ಹರಡಿದ ಮೇಲೆ ನೆಂಟರು, ಆಫೀಸಿನವರು, ಪಕ್ಕದ ಫ್ಲ್ಯಾಟಿನವರು ಎಲ್ಲರೂ ನನ್ನನ್ನೇ ಕೇಳುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಒಳ್ಳೆಯ ಮೆಕ್ಯಾನಿಕ್ ಒಬ್ಬರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಒಂದಿಷ್ಟು ಕಲಿತಿದ್ದೇನೆ. ಜನ ಕೇಳಿದ್ದು, ನಾನು ಹೇಳಿದ್ದು ಇಲ್ಲಿದೆ.

ನನ್ನ ಕಾರಿನಲ್ಲಿರುವುದು ಯಾವ ಬಗೆಯ ಆಟೋಮ್ಯಾಟಿಕ್ ಅಂತ ತಿಳಿಯುವುದು ಹೇಗೆ?

ಇದನ್ನು ಮೊದಲು ತಿಳಿದುಕೊಳ್ಳಿ. ಒಂದು ಬಗೆಯ ಗೇರ್‌ಬಾಕ್ಸ್‌ಗೆ ಹೇಳಿದ ಮದ್ದು ಇನ್ನೊಂದಕ್ಕೆ ವಿಷ.

ನಮ್ಮಲ್ಲಿ ಓಡುವ ಹಳೇ ಆಟೋಮ್ಯಾಟಿಕ್‌ಗಳಲ್ಲಿ ಜಾಸ್ತಿ ಇರುವುದು ಟಾರ್ಕ್ ಕನ್ವರ್ಟರ್ ಇರುವವು. ಹ್ಯುಂಡೈ ಐ10, ಮಾರುತಿ ಎ-ಸ್ಟಾರ್, ಹಳೇ ಡಿಜೈರ್, ಹಳೇ ಕೊರೊಲ್ಲಾಗಳಲ್ಲಿ ನಾಲ್ಕು ಗೇರು. 2008ರಿಂದ 2013ರವರೆಗಿನ ಹೋಂಡಾ ಸಿಟಿಯಲ್ಲಿ ಐದು. 2014ರ ಸಿಟಿಯಿಂದ ಮತ್ತೆ ಸಿವಿಟಿ ಬಂತು. ಅದರಲ್ಲಿ ಗೇರೇ ಇಲ್ಲ. ಬೆಲ್ಟು ಮತ್ತು ಹಿಗ್ಗಿ ಕುಗ್ಗುವ ಎರಡು ಪುಲ್ಲಿ. ಅದೇ 2014ರಲ್ಲಿ ಸೆಲೆರಿಯೊ ಜೊತೆ ಎಎಂಟಿ ಬಂತು. ಅದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿದು ಗೇರ್ ಹಾಕುವ ಕೆಲಸವನ್ನು ನಿಮ್ಮ ಬದಲು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳ ಡಿಎಸ್‌ಜಿ ಎರಡು ಕ್ಲಚ್ಚಿನದು.

ಸುಲಭದ ಗುರುತು ಬೇಕಾ? ಲಿವರ್ ಪಕ್ಕದ ಅಕ್ಷರಗಳನ್ನು ನೋಡಿ. ನಮ್ಮ ಸಣ್ಣ ಎಎಂಟಿ ಕಾರುಗಳಲ್ಲಿ ಸಾಮಾನ್ಯವಾಗಿ "ಪಿ" ಇರುವುದಿಲ್ಲ. ಪಿ (ಪಾರ್ಕಿಂಗ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್) ಜೊತೆಗೆ ಕೆಳಗಿನ ಗೇರುಗಳಿಗೆ 2, ಎಲ್ ಮತ್ತು ಕೊನೆಯ ಗೇರನ್ನು ಬಿಡುವ, ತಡೆಯುವ ಓವರ್‌ಡ್ರೈವ್ ಬಟನ್ ಇದ್ದರೆ ಅದು ಹಳೇ ಟಾರ್ಕ್ ಕನ್ವರ್ಟರ್ ಗಾಡಿ. ಈ ಬರಹದಲ್ಲಿ ಹೆಚ್ಚಿನ ಮಾತು ಅದರ ಬಗ್ಗೆಯೇ.

ಒಳಗೆ ನಡೆಯುವುದಾದರೂ ಏನು?

ಎರಡು ಫ್ಯಾನ್ ಎದುರು ಬದುರು ಇಟ್ಟು ಒಂದನ್ನು ಮಾತ್ರ ಹಾಕಿ. ಇನ್ನೊಂದೂ ನಿಧಾನಕ್ಕೆ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆ ಇದ್ದರೆ ಅದೇ ಟಾರ್ಕ್ ಕನ್ವರ್ಟರ್. ಈ ಉಪಾಯ ಹುಟ್ಟಿದ್ದು ಕಾರಿಗಲ್ಲ, ಹಡಗಿಗೆ. ಜರ್ಮನಿಯ ಹರ್ಮಾನ್ ಫೊಟ್ಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಅದರ ಹಿಂದೆ ಗೇರುಗಳು, ಅವನ್ನು ಹಿಡಿದು ಬಿಡುವ ಕ್ಲಚ್ ಪ್ಲೇಟುಗಳು. ಪ್ಲೇಟನ್ನು ಒತ್ತುವುದು ಎಣ್ಣೆಯ ಒತ್ತಡ. ಆ ಎಣ್ಣೆ ಯಾವ ದಾರಿಯಲ್ಲಿ ಹೋಗಬೇಕು ಅಂತ ಹೇಳುವುದು ಸಣ್ಣ ಸಣ್ಣ ದಾರಿಗಳಿರುವ ವಾಲ್ವ್ ಬಾಡಿ ಮತ್ತು ಅದರ ಮೇಲಿನ ಸೊಲೆನಾಯ್ಡ್‌ಗಳು, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವುಗಳು. ಸೊಲೆನಾಯ್ಡ್‌ಗೆ ಅಪ್ಪಣೆ ಕೊಡುವುದು ಒಂದು ಪುಟ್ಟ ಕಂಪ್ಯೂಟರ್. ಅಂದರೆ ಶಕ್ತಿ ಸಾಗಿಸುವುದು, ಕ್ಲಚ್ ಒತ್ತುವುದು, ಬಿಸಿ ಹೊರಹಾಕುವುದು, ಮೂರೂ ಒಂದೇ ಎಣ್ಣೆಯ ಕೆಲಸ. ಅದಕ್ಕೇ ಗೇರ್ ತಕರಾರು ಅಂದ ಕೂಡಲೇ ಮೊದಲು ನೋಡಬೇಕಾದದ್ದು ಎಣ್ಣೆಯನ್ನು. ಆಮೇಲೆ ವೈರು. ಕಬ್ಬಿಣದ ಸರದಿ ಕೊನೆಗೆ.

ಬೆಳಿಗ್ಗೆ ಡಿಗೆ ಹಾಕಿದರೆ ಎರಡು ಮೂರು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡ್ ಅಂತ ಹಿಡಿಯುತ್ತದೆ. ಯಾಕೆ?

ಹೆಚ್ಚಿನ ಸಲ ಎಣ್ಣೆ ಕಡಿಮೆ. ರಾತ್ರಿ ಎಣ್ಣೆಯೆಲ್ಲ ಕೆಳಗೆ ಇಳಿದಿರುತ್ತದೆ. ಪಂಪು ಅದನ್ನು ಎತ್ತಿ ಒತ್ತಡ ಕಟ್ಟುವ ತನಕ ಕ್ಲಚ್ ಹಿಡಿಯುವುದಿಲ್ಲ. ಒಂದು ಸೆಕೆಂಡ್ ತಡ ಮಾಮೂಲಿ. ಅದಕ್ಕಿಂತ ಜಾಸ್ತಿ ಆದರೆ ನೋಡಿಸಿ. ಎಣ್ಣೆ ಸರಿಯಿದ್ದೂ ಹೀಗಾದರೆ ಫಿಲ್ಟರ್ ಕಟ್ಟಿರಬಹುದು, ಅಥವಾ ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿರಬಹುದು. ಗಾಡಿ ಬಿಸಿಯಾದ ಮೇಲೆ ಸರಿಹೋಗುತ್ತದೆ ಅಂದರೆ ಸೀಲಿನ ಮೇಲೆ ಅನುಮಾನ ಜಾಸ್ತಿ. ಬಿಸಿಗೆ ರಬ್ಬರ್ ಮೆತ್ತಗಾಗುತ್ತದಲ್ಲ.

ಹಿಡಿಯುವ ತನಕ ಆಕ್ಸಿಲರೇಟರ್ ಒತ್ತಬೇಡಿ. ಏರಿದ ಆರ್‌ಪಿಎಂನಲ್ಲಿ (ಎಂಜಿನ್ ತಿರುಗುವ ವೇಗ) ಕ್ಲಚ್ ಕೂತುಕೊಂಡರೆ ಆ ಹೊಡೆತ ತಿನ್ನುವುದು ಪ್ಲೇಟು.

ಗೇರ್‌ಬಾಕ್ಸ್ ಆಯಿಲ್ ನಾನೇ ನೋಡಬಹುದಾ?

ಡಿಪ್‌ಸ್ಟಿಕ್ ಇದ್ದರೆ ಖಂಡಿತ ನೋಡಬಹುದು. ಆದರೆ ಎಂಜಿನ್ ಆಯಿಲ್ ನೋಡುವ ರೀತಿ ಅಲ್ಲ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬ್ರೇಕ್ ಒತ್ತಿಕೊಂಡು ಲಿವರನ್ನು ಪಿಯಿಂದ ಎಲ್‌ವರೆಗೆ ಒಂದೊಂದು ಕಡೆ ಎರಡು ಸೆಕೆಂಡ್ ನಿಲ್ಲಿಸಿ ವಾಪಸ್ ತನ್ನಿ. ಆಮೇಲೆ ಕಡ್ಡಿ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ನೋಡಿ. "ಹಾಟ್" ಗುರುತಿನ ನಡುವೆ ಇರಬೇಕು. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ ನೋಡಬೇಕು. ಹೋಂಡಾದಲ್ಲಿ ಮಾತ್ರ ಎಂಜಿನ್ ಆರಿಸಿ, ಒಂದು ಒಂದೂವರೆ ನಿಮಿಷದೊಳಗೆ ನೋಡಬೇಕು. ಈ ವ್ಯತ್ಯಾಸ ತಿಳಿಯದೆ ಜಾಸ್ತಿ ಸುರಿದು ಕೆಡಿಸಿಕೊಂಡವರನ್ನು ನೋಡಿದ್ದೇನೆ. ಎಣ್ಣೆ ಹೆಚ್ಚಾದರೂ ತೊಂದರೆಯೇ. ತಿರುಗುವ ಗೇರು ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆಗೆ ಒತ್ತಡ ಇರುವುದಿಲ್ಲ.

ಬಣ್ಣವನ್ನು ಬಿಳಿ ಟಿಶ್ಯೂ ಮೇಲೆ ನೋಡಿ. ಕೆಂಪು ಇದ್ದರೆ ಚೆನ್ನ. ಕಂದು ಇದ್ದರೆ ಹಳೆಯದು, ಬದಲಿಸುವ ಹೊತ್ತು. ಕಪ್ಪಾಗಿ, ಬಾಣಲೆಯಲ್ಲಿ ಎಣ್ಣೆ ಸೀದ ಹಾಗೆ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸುಟ್ಟಿದೆ. ರೋಸ್‌ಮಿಲ್ಕ್ ಬಣ್ಣ ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ನೀರೋ ಕೂಲಂಟೋ ಒಳಗೆ ಸೇರಿದೆ.

ಡಿಪ್‌ಸ್ಟಿಕ್ ಇಲ್ಲದ ಕಾರುಗಳಲ್ಲಿ ಅಡಿಯಿಂದ ಲೆವೆಲ್ ಬೋಲ್ಟ್ ಬಿಚ್ಚಿ, ಎಣ್ಣೆಯ ತಾಪ ಅಳೆದು ನೋಡಬೇಕು. ಅದು ಮನೆ ಮುಂದೆ ಮಾಡುವ ಕೆಲಸ ಅಲ್ಲ.

ಹಳೇ ಗಾಡಿಗೆ ಹೊಸ ಆಯಿಲ್ ಹಾಕಿದರೆ ಗೇರ್‌ಬಾಕ್ಸ್ ಹೋಗುತ್ತದೆ ಅನ್ನುತ್ತಾರೆ. ನಿಜಾನಾ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಅರ್ಧ ಸತ್ಯ.

ಜನ ಯಾವಾಗ ಆಯಿಲ್ ಬದಲಿಸುತ್ತಾರೆ? ಗೇರು ಜಾರಲು ಶುರುವಾದ ಮೇಲೆ. ಅಷ್ಟು ಹೊತ್ತಿಗೆ ಪ್ಲೇಟು ಸವೆದಿರುತ್ತದೆ. ಹೊಸ ಆಯಿಲ್ ಹಾಕಿದ ವಾರಕ್ಕೆ ಗಾಡಿ ನಿಲ್ಲುತ್ತದೆ. ಬೈಗುಳ ಆಯಿಲ್‌ಗೆ. ಸಾಯುವ ಹೊತ್ತಿಗೆ ಬಂದ ಡಾಕ್ಟರ ಪಾಡು ಅದರದು.

ಸತ್ಯದ ಇನ್ನರ್ಧ ಹೀಗಿದೆ. ಮೆಷಿನ್ ಕಟ್ಟಿ ಒತ್ತಡದಲ್ಲಿ ಫ್ಲಶ್ ಮಾಡಿದರೆ ತಳದಲ್ಲಿ ಕೂತಿದ್ದ ಕೊಳೆ ಎದ್ದು ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಒಂದು ಲಕ್ಷ ಕಿಲೋಮೀಟರ್‌ವರೆಗೆ ಒಮ್ಮೆಯೂ ಎಣ್ಣೆ ಬದಲಿಸದ ಗಾಡಿಗೆ ಮೆಷಿನ್ ಫ್ಲಶ್ ಬೇಡ ಅನ್ನುವವರ ಪಕ್ಷ ನಾನು.

ಅದರ ಬದಲು ಇಳಿಸಿ ತುಂಬಿಸುವುದು ಸಾಕು. ಲೆಕ್ಕ ನೋಡಿ. ಆರೂವರೆ ಲೀಟರ್ ಹಿಡಿಯುವ ಗೇರ್‌ಬಾಕ್ಸ್‌ನ ಡ್ರೇನ್ ಬೋಲ್ಟ್ ಬಿಚ್ಚಿದರೆ ಸುಮಾರು ಅರ್ಧ ಮಾತ್ರ ಇಳಿಯುತ್ತದೆ. ಉಳಿದದ್ದು ಟಾರ್ಕ್ ಕನ್ವರ್ಟರ್ ಒಳಗೆ, ಕೂಲರ್ ಪೈಪಿನಲ್ಲಿ ಉಳಿಯುತ್ತದೆ. ಒಂದು ಸಲ ಮಾಡಿದರೆ ಅರ್ಧ ಹೊಸದು. ಎರಡನೇ ಸಲಕ್ಕೆ ಮುಕ್ಕಾಲು. ಮೂರನೇ ಸಲಕ್ಕೆ ಎಂಟರಲ್ಲಿ ಏಳು ಪಾಲು. ನಡುವೆ ಒಂದೊಂದು ವಾರ ಓಡಿಸಿ. ಹಳೇ ಗಾಡಿಗೆ ಇದು ಮೆತ್ತಗಿನ ದಾರಿ. ನಮ್ಮ ಕಾರಿಗೆ 90,000 ಕಿ.ಮೀ. ಆದಾಗ ಹೀಗೇ ಮಾಡಿಸಿದೆವು. ಎರಡನೇ ಸಲದ ನಂತರ ಗೇರ್ ಬಿದ್ದದ್ದೇ ಗೊತ್ತಾಗದಷ್ಟು ನಯವಾಯಿತು.

ಗೇರ್‌ಬಾಕ್ಸ್ ತಳದ ಎಣ್ಣೆ ಪ್ಯಾನ್ ಬಿಚ್ಚುವಂತಿದ್ದರೆ ಫಿಲ್ಟರನ್ನೂ ಬದಲಿಸಿ. ಪ್ಯಾನ್ ಒಳಗಿನ ಮ್ಯಾಗ್ನೆಟ್ಟನ್ನು ನಿಮ್ಮ ಕಣ್ಣಾರೆ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ವಯಸ್ಸಿನ ಸವೆತ, ಚಿಂತೆ ಬೇಡ. ಬೆರಳಿಗೆ ಚುಚ್ಚುವ ಕಬ್ಬಿಣದ ಚೂರು, ಹಳದಿ ಹಿತ್ತಾಳೆಯ ಮಿನುಗು ಕಂಡರೆ ಒಳಗೆ ಯಾವುದೋ ಭಾಗ ಮುರಿಯುತ್ತಿದೆ.

ಮ್ಯಾನುಯಲ್ ಪುಸ್ತಕದಲ್ಲಿ "ಲೈಫ್‌ಟೈಮ್ ಆಯಿಲ್" ಅಂತಿದೆ. ಆದರೂ ಬದಲಿಸಬೇಕಾ?

ಯಾರ ಲೈಫು ಅಂತ ಅಲ್ಲಿ ಬರೆದಿರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅರ್ಧ ಗಂಟೆ ತೆವಳುವ ಗಾಡಿಯ ಎಣ್ಣೆ ಸದಾ ಬಿಸಿಯಲ್ಲೇ ಬೇಯುತ್ತದೆ. ನಾನಂತೂ 40,000 ಕಿ.ಮೀ.ಗೆ ಒಮ್ಮೆ ಬದಲಿಸುತ್ತೇನೆ. ಪುಸ್ತಕದಲ್ಲಿ "ಕಠಿಣ ಬಳಕೆ" ಅಂತ ಬೇರೆ ಪಟ್ಟಿ ಇದ್ದರೆ ಅದನ್ನೇ ಹಿಡಿಯಿರಿ. ನಮ್ಮ ಊರಿನ ಟ್ರಾಫಿಕ್ ಎಲ್ಲವೂ ಕಠಿಣವೇ.

ಯಾವ ಆಯಿಲ್ ಹಾಕಬೇಕು? ಅಂಗಡಿಯವರು "ಎಲ್ಲ ಒಂದೇ" ಅನ್ನುತ್ತಾರೆ.

ಒಂದೇ ಅಲ್ಲ. ಹ್ಯುಂಡೈಯ ಹಳೇ ನಾಲ್ಕು ಗೇರಿನವಕ್ಕೆ ಎಸ್‌ಪಿ-3. ಹೋಂಡಾದಲ್ಲಿ ಹಿಂದೆ ಝಡ್-1 ಇತ್ತು, ಈಗ ಅದರ ಜಾಗಕ್ಕೆ ಡಿಡಬ್ಲ್ಯು-1 ಬಂದಿದೆ. ಟೊಯೊಟಾದಲ್ಲಿ ಕಾರಿನ ವಯಸ್ಸು ನೋಡಿ ಟಿ-4 ಅಥವಾ ಡಬ್ಲ್ಯುಎಸ್, ಇವೆರಡನ್ನು ಬೆರೆಸಬಾರದು. ಸಿವಿಟಿಗೆ ಅದರದೇ ಎಣ್ಣೆ. ಅದಕ್ಕೆ ಮಾಮೂಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಸುರಿದರೆ ಬೆಲ್ಟು ಜಾರಿ ಕೆಡುತ್ತದೆ. ಕ್ಲಚ್ ಎಷ್ಟು ಬೇಗ, ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದು ಎಣ್ಣೆಯ ಗುಣದಲ್ಲೇ ಇರುತ್ತದೆ. ಡಿಪ್‌ಸ್ಟಿಕ್ ಮೇಲೆ ಅಥವಾ ಪುಸ್ತಕದಲ್ಲಿ ಹೆಸರಿದೆ. ಅದನ್ನೇ ಕೇಳಿ, ಸೀಲು ಒಡೆಯದ ಡಬ್ಬಿ ತನ್ನಿ. ಖಾಲಿ ಡಬ್ಬಿಯನ್ನೂ ವಾಪಸ್ ಕೇಳಿ.

ಆರ್‌ಪಿಎಂ ಏರುತ್ತದೆ, ಗಾಡಿ ಮಾತ್ರ ಏರುವುದಿಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಮ್ಮೆ "ವ್ರೂಂ" ಅಂತ ಅರಚಿ ಆಮೇಲೆ ಹಿಡಿದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಎಣ್ಣೆ ಕಡಿಮೆ ಇದ್ದರೂ ಹೀಗಾಗುತ್ತದೆ, ಒತ್ತಡದ ಸೊಲೆನಾಯ್ಡ್ ಸೋತರೂ ಹೀಗಾಗುತ್ತದೆ. ಆ ಎರಡೂ ರಿಪೇರಿಯಾಗುವಂಥವೇ. ಆದರೆ ಹಾಗೇ ಓಡಿಸಿದರೆ ಪ್ಲೇಟು ಸುಡುತ್ತದೆ. ಆಮೇಲೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿ ಇಲ್ಲ. ಒಂದೇ ಗೇರಿನಲ್ಲಿ ಜಾರುತ್ತದೋ, ಎಲ್ಲದರಲ್ಲೋ, ಬಿಸಿಯಾದಾಗ ಮಾತ್ರವೋ, ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಗಾಡಿ ಒಂದೇ ಗೇರಿನಲ್ಲಿ ನಿಂತುಬಿಟ್ಟಿದೆ. ಮೇಲೂ ಹೋಗಲ್ಲ, ಕೆಳಗೂ ಬರಲ್ಲ.

ಇದು ನನಗೇ ಆದದ್ದು. ಹಾಸನದಿಂದ ವಾಪಸ್ ಬರುತ್ತಿದ್ದೆವು. ಚನ್ನರಾಯಪಟ್ಟಣ ದಾಟಿದ ಮೇಲೆ ಜೋರು ಮಳೆ. ಒಂದು ಟೋಲ್‌ನಲ್ಲಿ ನಿಲ್ಲಿಸಿ ಹೊರಟರೆ ಗಾಡಿಗೆ ಪಿಕಪ್ಪೇ ಇಲ್ಲ, ಎತ್ತಿನಗಾಡಿ ಎಳೆದ ಹಾಗೆ. ಓವರ್‌ಡ್ರೈವ್ ದೀಪ ಮಿಣಮಿಣ ಅನ್ನುತ್ತಿತ್ತು. ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ, ಇಡೀ ದಾರಿ ಮೂರನೇ ಗೇರಿನಲ್ಲೇ ಬಂದೆವು. ಅಪ್ಪ ಹಿಂದಿನ ಸೀಟಿನಲ್ಲಿ ಕೂತು "ಕ್ಲಚ್ ಇರುವ ಗಾಡಿಯೇ ವಾಸಿ" ಅಂತ ಮೂರು ಸಲ ಹೇಳಿದರು.

ಮರುದಿನ ಒಂದು ಗ್ಯಾರೇಜಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿ, ಗೇರ್‌ಬಾಕ್ಸ್ ಹೋಗಿದೆ, 85,000 ರೂಪಾಯಿ ಅಂದರು. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿರಲಿಲ್ಲ. ಎಣ್ಣೆಯನ್ನೂ ನೋಡಿರಲಿಲ್ಲ. ಗಾಡಿ ವಾಪಸ್ ತಂದೆ. ಎರಡನೆಯವರು ಸ್ಕ್ಯಾನರ್ ಹಾಕಿದರೆ ಔಟ್‌ಪುಟ್ ಸ್ಪೀಡ್ ಸೆನ್ಸರ್ ಕೋಡ್ ಬಂತು. ಕನೆಕ್ಟರ್ ಬಿಚ್ಚಿದರೆ ಒಳಗೆ ನೀರು, ಪಿನ್ನಿಗೆ ಹಸಿರು ಕಿಲುಬು. ಒರೆಸಿ, ಒಣಗಿಸಿ, ಸೆನ್ಸರ್ ಬದಲಿಸಿದರು. ಕೂಲಿ ಸೇರಿ ಮೂರು ಸಾವಿರದ ಒಳಗೆ ಮುಗಿಯಿತು.

ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಕಂಪ್ಯೂಟರ್‌ಗೆ ಸೆನ್ಸರ್ ಮೇಲೆ ನಂಬಿಕೆ ಹೋದರೆ ಅದು ಸೊಲೆನಾಯ್ಡ್‌ಗಳ ಕರೆಂಟ್ ತೆಗೆದುಬಿಡುತ್ತದೆ. ಆಗ ಬರೀ ಎಣ್ಣೆಯ ದಾರಿಯಲ್ಲಿ ಒಂದು ಗೇರು ಮತ್ತು ರಿವರ್ಸ್ ಮಾತ್ರ ಉಳಿಯುತ್ತವೆ. ಹಲವು ನಾಲ್ಕು ಗೇರಿನ ಗಾಡಿಗಳಲ್ಲಿ ಆ ಗೇರು ಮೂರನೆಯದು. ಇದು ಗೇರ್‌ಬಾಕ್ಸ್ ಸತ್ತ ಲಕ್ಷಣ ಅಲ್ಲ, ಅದು ತನ್ನನ್ನು ತಾನು ಕಾಪಾಡಿಕೊಳ್ಳುವ ಲಕ್ಷಣ. ನಿಧಾನಕ್ಕೆ ಮನೆ ಸೇರಿ. ನಡುವೆ ಎಂಜಿನ್ ಆರಿಸಿ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಹಾಗೆ ಸರಿಹೋದರೆ ವೈರಿನ ತೊಂದರೆ ಇರುವ ಸಾಧ್ಯತೆ ಜಾಸ್ತಿ.

ಸ್ಕ್ಯಾನರ್ ಮನೆಯಲ್ಲೇ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಿ. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ ಚುಚ್ಚಿ ಫೋನಿನಲ್ಲಿ ನೋಡುವ ಬ್ಲೂಟೂತ್ ಸಾಧನ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಅಗ್ಗದವು ಹೆಚ್ಚಾಗಿ ಎಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಅದರಲ್ಲಿ ಪಿ0700 ಅಂತ ಬಂದರೆ "ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳುತ್ತಿದೆ, ಅದನ್ನು ಕೇಳಿ" ಅಂತ ಮಾತ್ರ ಅರ್ಥ. ಪೂರ್ತಿ ಕಥೆಗೆ ಗ್ಯಾರೇಜಿನ ಸ್ಕ್ಯಾನರ್ ಬೇಕು.

ಪಿ0715 ಒಳಬರುವ ವೇಗದ ಸೆನ್ಸರ್. ಪಿ0720 ಹೊರಹೋಗುವ ವೇಗದ ಸೆನ್ಸರ್. ಪಿ0705 ಲಿವರ್ ಎಲ್ಲಿದೆ ಅಂತ ತಿಳಿಸುವ ಸ್ವಿಚ್. ಪಿ0740 ಲಾಕ್-ಅಪ್ ಕ್ಲಚ್ (ಇದರ ವಿಷಯ ಮುಂದಿನ ಪ್ರಶ್ನೆಯಲ್ಲಿದೆ). ಪಿ0750ರಿಂದ ಮುಂದಿನವು ಶಿಫ್ಟ್ ಸೊಲೆನಾಯ್ಡ್‌ಗಳು. ನಿಜಕ್ಕೂ ಎದೆ ಧಸಕ್ ಅನ್ನಬೇಕಾದದ್ದು ಪಿ0730 ಮತ್ತು ಅದರ ತಮ್ಮಂದಿರು ಕಂಡಾಗ. ಗೇರು ಹಾಕಿದರೂ ಅದಕ್ಕೆ ತಕ್ಕ ವೇಗ ಬರುತ್ತಿಲ್ಲ, ಅಂದರೆ ಒಳಗೆ ಜಾರುತ್ತಿರಬಹುದು.

ಇನ್ನೊಂದು ಮಾತು. ಸೆನ್ಸರ್ ಕೋಡ್ ಬಂದ ತಕ್ಷಣ ಸೆನ್ಸರ್ ಕೊಳ್ಳಬೇಡಿ. ವೈರು, ಕನೆಕ್ಟರ್ ನೋಡಿದ ಮೇಲೆ ಕೊಳ್ಳಿ. ಇಲಿ ಕಡಿದ ವೈರಿಗೂ ಅದೇ ಕೋಡ್ ಬರುತ್ತದೆ.

60ರಿಂದ 80ರ ನಡುವೆ ಗಾಡಿ ನಡುಗುತ್ತದೆ. ಸಾಲು ಸಾಲು ಸಣ್ಣ ಉಬ್ಬುಗಳಿರುವ ರಸ್ತೆಯ ಮೇಲೆ ಹೋದ ಹಾಗೆ.

ಮೂರು ಅನುಮಾನ. ಚಕ್ರದ ಬ್ಯಾಲೆನ್ಸ್, ಎಂಜಿನ್ ಮಿಸ್ ಆಗುವುದು, ಅಥವಾ ಲಾಕ್-ಅಪ್ ಕ್ಲಚ್.

ಬ್ಯಾಲೆನ್ಸ್ ಆದರೆ ನಡುಕ ವೇಗಕ್ಕೆ ಅಂಟಿಕೊಂಡಿರುತ್ತದೆ. ಕಾಲು ತೆಗೆದರೂ, ಎನ್‌ಗೆ ಬಂದರೂ ಹೋಗುವುದಿಲ್ಲ. ಎಂಜಿನ್ ಮಿಸ್ ಆದರೆ ಏರಿನಲ್ಲಿ, ಜೋರಾಗಿ ಒತ್ತಿದಾಗ ಜಾಸ್ತಿ. ಹಳೇ ಸ್ಪಾರ್ಕ್ ಪ್ಲಗ್, ಸೋತ ಕಾಯಿಲ್ ನೋಡಿಸಿ. ಇದನ್ನು ಗೇರ್‌ಬಾಕ್ಸ್ ತಲೆಗೆ ಕಟ್ಟುವುದು ಬಹಳ ಸಾಮಾನ್ಯ.

ಲಾಕ್-ಅಪ್ ಆದರೆ ಹಗುರವಾಗಿ ಒತ್ತಿ ಒಂದೇ ವೇಗದಲ್ಲಿ ಹೋಗುವಾಗ ಬರುತ್ತದೆ. ಎಣ್ಣೆಯ ಮೂಲಕ ಹೋಗುವ ಶಕ್ತಿ ಸ್ವಲ್ಪ ಪೋಲಾಗುತ್ತದೆ ಅಂತ, ವೇಗ ಹಿಡಿದ ಮೇಲೆ ಟಾರ್ಕ್ ಕನ್ವರ್ಟರ್ ಒಳಗಿನ ಒಂದು ಕ್ಲಚ್ ಎರಡೂ ಕಡೆಯನ್ನು ಬಿಗಿದುಬಿಡುತ್ತದೆ. ಎಣ್ಣೆ ಹಳತಾದರೆ ಅದು ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡುಗುತ್ತದೆ. ಪರೀಕ್ಷೆ ಹೀಗೆ: ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ಆಕ್ಸಿಲರೇಟರ್ ಹಾಗೇ ಇಟ್ಟು, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಬ್ರೇಕ್ ಮುಟ್ಟಿ. ಬ್ರೇಕ್ ಮುಟ್ಟಿದರೆ ಲಾಕ್-ಅಪ್ ಬಿಡುತ್ತದೆ. ಆ ಕ್ಷಣ ನಡುಕ ನಿಂತರೆ ಕಳ್ಳ ಸಿಕ್ಕ. ಸರಿಯಾದ ಹೊಸ ಎಣ್ಣೆಯಿಂದಲೇ ಇದು ಎಷ್ಟೋ ಸಲ ವಾಸಿಯಾಗುತ್ತದೆ.

ಆರ್‌ಗೆ ಹಾಕಿದರೆ ಇಡೀ ಗಾಡಿ ಅದುರುವ ಹಾಗೆ ಹೊಡೆತ. ಗೇರ್‌ಬಾಕ್ಸಾ?

ನಮ್ಮ ಎರಡನೇ "ತೀರ್ಪು" ಇದೇ. ಕಾರಣ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂತಿರುವ ರಬ್ಬರ್ ಆಧಾರ. ರಬ್ಬರ್ ಹರಿದು ಎಂಜಿನ್ ಎದ್ದೆದ್ದು ಬೀಳುತ್ತಿತ್ತು.

ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಬ್ರೇಕನ್ನು ಗಟ್ಟಿಯಾಗಿ ತುಳಿದುಕೊಂಡು ಡಿಗೆ, ಆರ್‌ಗೆ ಹಾಕಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಗಾಡಿಯ ಮುಂದೆ ಮಾತ್ರ ನಿಲ್ಲಬೇಡಿ. ಎಂಜಿನ್ ಸ್ವಲ್ಪ ಅಲುಗುವುದು ಸಹಜ. ಮಗ್ಗುಲು ಬದಲಿಸುವಂತೆ ಎದ್ದರೆ ಮೌಂಟಿಂಗ್ ಹೋಗಿದೆ. ಜೊತೆಗೆ ಐಡಲ್ (ಆಕ್ಸಿಲರೇಟರ್ ಮುಟ್ಟದಾಗಿನ) ಆರ್‌ಪಿಎಂ ನೋಡಿ. ಬಿಸಿ ಎಂಜಿನ್ ಎಸಿ ಇಲ್ಲದೆ 1,100, 1,200ರಲ್ಲಿ ತಿರುಗುತ್ತಿದ್ದರೆ ಯಾವ ಗೇರ್‌ಬಾಕ್ಸಾದರೂ ಹೊಡೆಯುತ್ತದೆ. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ.

ಬ್ಯಾಟರಿ ಬದಲಿಸಿದ ಮೇಲೆ ಗೇರ್ ಒರಟಾಗಿ ಬೀಳುತ್ತಿದೆ.

ಕಂಪ್ಯೂಟರ್ ನಿಮ್ಮ ಕಾಲಿನ ಅಭ್ಯಾಸವನ್ನೂ ಪ್ಲೇಟಿನ ಸವೆತವನ್ನೂ ಕಲಿತಿಟ್ಟುಕೊಂಡಿರುತ್ತದೆ. ಬ್ಯಾಟರಿ ತೆಗೆದರೆ ಹಲವು ಕಾರುಗಳಲ್ಲಿ ಅದು ಮರೆತುಹೋಗುತ್ತದೆ. ಕೆಲವು ದಿನ ಸಮಾಧಾನವಾಗಿ ಓಡಿಸಿ, ಮತ್ತೆ ಕಲಿಯುತ್ತದೆ. ಎರಡು ವಾರವಾದರೂ ಹಾಗೇ ಇದ್ದರೆ ಟರ್ಮಿನಲ್, ಅರ್ಥ್ ವೈರು ಬಿಗಿಯಾಗಿದೆಯಾ ನೋಡಿ. ಎಂಜಿನ್ ಓಡುವಾಗ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ವೋಲ್ಟೇಜ್ ಸೋತರೆ ಸೊಲೆನಾಯ್ಡ್ ಕೂಡ ಸೋಮಾರಿ.

ಲಿವರ್ ಪಿಯಿಂದ ಅಲುಗುತ್ತಿಲ್ಲ.

ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಬ್ರೇಕ್ ಲೈಟ್ ಹತ್ತದಿದ್ದರೆ ಬ್ರೇಕ್ ಸ್ವಿಚ್ಚೋ ಫ್ಯೂಸೋ ಹೋಗಿದೆ. ಲಿವರ್ ಬಿಡಬೇಕಾದರೆ ಆ ಸಿಗ್ನಲ್ ಬೇಕು. ಸ್ವಿಚ್ ಸಣ್ಣ ಖರ್ಚು. ಸದ್ಯಕ್ಕೆ ಲಿವರ್ ಪಕ್ಕದ ಪುಟ್ಟ ಮುಚ್ಚಳ ತೆಗೆದು ಕೀಯಿಂದ ಒತ್ತಿದರೆ ಬಿಡುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ಸಿಕ್ಕಿಕೊಳ್ಳುತ್ತದಾ? ಹಾಗಾದರೆ ನಿಲ್ಲಿಸುವ ಕ್ರಮ ಬದಲಿಸಿ. ಬ್ರೇಕ್ ತುಳಿದು ಎನ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ಸಡಿಲಿಸಿ ಗಾಡಿಯ ಭಾರ ಅದರ ಮೇಲೆ ಕೂರಲಿ, ಆಮೇಲೆ ಪಿ. ಪಿಯಲ್ಲಿ ಗಾಡಿಯನ್ನು ಹಿಡಿಯುವುದು ಬೆರಳಿನಷ್ಟು ದಪ್ಪದ ಒಂದು ಕೊಂಡಿ. ಒಂದು ಟನ್ ಭಾರವನ್ನು ದಿನಾ ಅದಕ್ಕೆ ನೇತುಹಾಕಬೇಡಿ.

ಎನ್‌ನಲ್ಲಿ ಸ್ಟಾರ್ಟ್ ಆಗುತ್ತದೆ, ಪಿಯಲ್ಲಿ ಆಗುವುದಿಲ್ಲ.

ಇನ್‌ಹಿಬಿಟರ್ ಸ್ವಿಚ್ (ಲಿವರ್ ಎಲ್ಲಿದೆ ಅಂತ ತಿಳಿಸುವ ಸ್ವಿಚ್) ಸವೆದಿದೆ, ಇಲ್ಲವೇ ಲಿವರ್ ಕೇಬಲ್ ಸಡಿಲವಾಗಿದೆ. ಗೇರ್‌ಬಾಕ್ಸ್ ಒಳಗೆ ಏನೂ ಆಗಿಲ್ಲ.

ಘಾಟಿಯಲ್ಲಿ ಹೇಗೆ ಓಡಿಸಬೇಕು? ಆಗುಂಬೆ ಹತ್ತುವಾಗ ಗೇರ್ ಮೇಲೆ ಕೆಳಗೆ ಒದ್ದಾಡುತ್ತದೆ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಹಳೇ ನಾಲ್ಕು ಗೇರಿನ ಕಂಪ್ಯೂಟರ್‌ಗೆ ತಲೆ ಕೆಡುತ್ತದೆ. ಮುಂದೆ ತಿರುವಿದೆ ಅಂತ ಅದಕ್ಕೆ ಕಾಣುವುದಿಲ್ಲವಲ್ಲ. ನೀವೇ ನಿರ್ಧರಿಸಿ. ಓವರ್‌ಡ್ರೈವ್ ಆಫ್ ಮಾಡಿ, ಕಡಿದಾದ ತಿರುವುಗಳಿಗೆ 2ಕ್ಕೆ ಹಾಕಿ. ಗೇರ್ ಒಂದೇ ಕಡೆ ನಿಂತರೆ ಬಿಸಿ ಕಡಿಮೆ.

ಇಳಿಯುವಾಗಲೂ ಅಷ್ಟೇ. ಚಾರ್ಮಾಡಿಯೋ ಶಿರಾಡಿಯೋ, ಡಿಯಲ್ಲಿ ಇಟ್ಟು ಬ್ರೇಕ್ ಮೇಲೇ ಇಳಿದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. 2ಕ್ಕೆ ಹಾಕಿ, ಎಂಜಿನ್ ತಡೆಯಲಿ. ಪೆಟ್ರೋಲ್ ಉಳಿಯುತ್ತದೆ ಅಂತ ಎನ್‌ಗೆ ಹಾಕಿ ಇಳಿಯುವವರಿದ್ದಾರೆ. ದಯವಿಟ್ಟು ಬೇಡ. ಉಳಿತಾಯವೂ ಇಲ್ಲ; ಗೇರಿನಲ್ಲಿ ಇಳಿಯುವಾಗ ಇಂಜೆಕ್ಷನ್ ಎಂಜಿನ್ ಪೆಟ್ರೋಲನ್ನೇ ನಿಲ್ಲಿಸುತ್ತದೆ.

ಸಿಗ್ನಲ್‌ನಲ್ಲಿ ಎನ್‌ಗೆ ಹಾಕಬೇಕಾ?

ಅರ್ಧ ನಿಮಿಷಕ್ಕೆ ಬೇಡ. ಎರಡು ನಿಮಿಷದ ಸಿಗ್ನಲ್ ಆದರೆ ಹಾಕಿ, ಕಾಲಿಗೂ ಆರಾಮ. ಗಾಡಿ ಪೂರ್ತಿ ನಿಲ್ಲದೆ ಡಿಯಿಂದ ಆರ್‌ಗೆ ಮಾತ್ರ ಎಂದೂ ಹಾಕಬೇಡಿ.

ಮಳೆ ನೀರಿನಲ್ಲಿ ಗಾಡಿ ನಿಂತಿತ್ತು. ಸ್ಟಾರ್ಟ್ ಆಗುತ್ತಿದೆ. ಓಡಿಸಲಾ?

ಗೇರ್‌ಬಾಕ್ಸ್ ಎಣ್ಣೆ ನೋಡದೆ ಓಡಿಸಬೇಡಿ. ಒಳಗಿನ ಗಾಳಿ ಹೊರಹೋಗಲು ಅದಕ್ಕೊಂದು ಸಣ್ಣ ನಳಿಗೆ ಇರುತ್ತದೆ. ನೀರು ಅಲ್ಲಿಂದ ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಬದಿಯ ಬಡಾವಣೆಗಳು ಮುಳುಗಿದ್ದು ನೆನಪಿದೆ ಅಲ್ವಾ? ನನ್ನ ಪರಿಚಯದವರೊಬ್ಬರು ಆಗ ಎಂಜಿನ್ ಆಯಿಲ್ ಬದಲಿಸಿ ಓಡಿಸಿದರು, ಗೇರ್‌ಬಾಕ್ಸ್ ಮರೆತರು. ಕ್ಲಚ್ ಪ್ಲೇಟಿನ ಮೇಲಿನ ಪದರ ಕಾಗದದಂಥದ್ದು, ಅಂಟಿನಿಂದ ಕೂತಿರುತ್ತದೆ. ನೀರು ಕುಡಿದರೆ ಕಿತ್ತು ಬರುತ್ತದೆ. ಅವರದು ಎರಡು ತಿಂಗಳಿಗೆ ಹೋಯಿತು.

ದಾರಿಯಲ್ಲಿ ಕೆಟ್ಟರೆ ಹಗ್ಗ ಕಟ್ಟಿ ಎಳೆಯಬಹುದಾ?

ಬೇಡ. ಎಣ್ಣೆ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ಆರಿ, ಚಕ್ರ ಮಾತ್ರ ತಿರುಗಿದರೆ ಗೇರುಗಳು ಒಣಗಿದ ಹಾಗೇ ಉಜ್ಜುತ್ತವೆ. ಫ್ಲ್ಯಾಟ್‌ಬೆಡ್ ಕರೆಸಿ. ಅದು ಸಿಗದಿದ್ದರೆ ಮುಂದಿನ ಚಕ್ರದಿಂದ ಓಡುವ ಗಾಡಿಯ ಮುಂದಿನ ಎರಡೂ ಚಕ್ರ ಎತ್ತಿಸಿ. ತಳ್ಳಿ ಸ್ಟಾರ್ಟ್ ಮಾಡುವುದಂತೂ ಆಗದ ಮಾತು, ಹತ್ತು ಜನ ತಳ್ಳಿದರೂ ಅಷ್ಟೇ.

ನನ್ನದು ಎಎಂಟಿ. ಪ್ರತಿ ಗೇರಿಗೂ ತಲೆ ಮುಂದಕ್ಕೆ ಹೋಗಿ ಬರುತ್ತದೆ.

ಅದು ಅದರ ಹುಟ್ಟುಗುಣ. ಗೇರ್ ಬದಲಾಗುವ ಹೊತ್ತಿಗೆ ಕಾಲನ್ನು ಸ್ವಲ್ಪ ಸಡಿಲಿಸಿದರೆ ತುಂಬಾ ಕಡಿಮೆಯಾಗುತ್ತದೆ. ಹೊಸದರಲ್ಲಿ ಇಲ್ಲದ ಜರ್ಕ್ ಈಗ ಬಂದಿದ್ದರೆ ಕ್ಲಚ್ ಸವೆದಿದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದರೆ ಬೇಗ ಸವೆಯುತ್ತದೆ, ಬ್ರೇಕ್ ಬಳಸಿ. ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರ್‌ನಿಂದ ಹೊಸ ಕ್ಲಚ್ಚನ್ನು ಅದಕ್ಕೆ ಕಲಿಸಬೇಕು. ಇದನ್ನು ಮಾಡದೆ ಕಳಿಸಿ, "ಹೊಂದಿಕೊಳ್ಳುತ್ತೆ ಸಾರ್" ಅಂದರೆ ಒಪ್ಪಬೇಡಿ.

ಬಾಟಲಿಯಲ್ಲಿ ಬರುವ "ಗೇರ್‌ಬಾಕ್ಸ್ ಟ್ರೀಟ್‌ಮೆಂಟ್" ಹಾಕಬಹುದಾ?

ಸೀಲನ್ನು ಉಬ್ಬಿಸಿ ಸಣ್ಣ ಲೀಕ್ ಕೆಲಕಾಲ ನಿಲ್ಲಿಸಬಹುದು. ಸವೆದ ಪ್ಲೇಟನ್ನು ಬೆಳೆಸುವ ಎಣ್ಣೆ ಇನ್ನೂ ಬಂದಿಲ್ಲ. ಮಾರುವ ಮುಂಚೆ ಇದನ್ನು ಸುರಿಯುವವರೂ ಇದ್ದಾರೆ, ಎಚ್ಚರ.

ಎಲ್ಲ ನೋಡಿದ್ದಾಯಿತು. ಗೇರ್‌ಬಾಕ್ಸ್ ಇಳಿಸಲೇಬೇಕು ಅನ್ನುತ್ತಿದ್ದಾರೆ.

ಹಾಗಾದರೆ ನಾಲ್ಕು ವಿಷಯ ಕೇಳಿ. ಯಾವ ಕೋಡ್ ಬಂತು, ಫೋಟೋ ಇದೆಯಾ? ಎಣ್ಣೆಯ ಒತ್ತಡ ಅಳೆದಿರಾ? ಪ್ಯಾನ್‌ನಲ್ಲಿ ಏನು ಸಿಕ್ಕಿತು? ವಾಲ್ವ್ ಬಾಡಿ ಮಾತ್ರ ಬಿಚ್ಚಿದರೆ ಆಗುವುದಿಲ್ಲವಾ? ಕೆಲವು ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಳಿಸದೆ ಸೊಲೆನಾಯ್ಡ್ ಬದಲಿಸಬಹುದು. ಇವಕ್ಕೆ ಉತ್ತರ ಕೊಡಲು ಸಿಡುಕುವ ಗ್ಯಾರೇಜಿನಿಂದ ಗಾಡಿ ವಾಪಸ್ ತನ್ನಿ.

ಬಿಚ್ಚಿ ರಿಪೇರಿ ಮಾಡಿಸಿದರೆ ಹಳೇ ಪ್ಲೇಟು, ಸೀಲು ಕೈಗೆ ಕೇಳಿ. ಟಾರ್ಕ್ ಕನ್ವರ್ಟರನ್ನೂ ಕೂಲರನ್ನೂ ತೊಳೆಸಿ. ಇಲ್ಲದಿದ್ದರೆ ಹಳೇ ಕೊಳೆ ಹೊಸ ಪ್ಲೇಟಿಗೆ ಬರುತ್ತದೆ.

ಇನ್ನೊಂದು ದಾರಿ ಗುಜರಿ ಗಾಡಿಯಿಂದ ತೆಗೆದ ಗೇರ್‌ಬಾಕ್ಸ್. ಬೆಂಗಳೂರಿನಲ್ಲಿ ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರ ಅಂತ ಜನ ಹೋಗುತ್ತಾರೆ. ಬಾಕ್ಸ್ ಮೇಲಿನ ನಂಬರ್ ಹೊಂದಬೇಕು. ಒಂದೇ ಮಾಡೆಲ್‌ನಲ್ಲೂ ಎಂಜಿನ್ ಬೇರೆಯಾದರೆ ಗೇರ್‌ಬಾಕ್ಸ್ ಬೇರೆ. ಕೂರಿಸುವ ಮುಂಚೆ ಅದರ ಎಣ್ಣೆ ಮೂಸಿ ನೋಡಿ. ವಾರಂಟಿ ಬಾಯಿಮಾತಲ್ಲಿ ಬೇಡ, ಬಿಲ್ಲಿನ ಮೇಲೆ ಬರೆಸಿ.

ಖರ್ಚು ಮಾಡುವ ಮುಂಚೆ ಗಾಡಿಯ ವಯಸ್ಸನ್ನೂ ಲೆಕ್ಕ ಹಾಕಿ. 15 ವರ್ಷ ತುಂಬುತ್ತಿದ್ದರೆ ಎಫ್‌ಸಿ, ಆರ್‌ಸಿ ರಿನೀವಲ್, ಹಸಿರು ತೆರಿಗೆ ಎಲ್ಲ ಬರುತ್ತವೆ. ರಿನೀವಲ್ ಆದರೆ ಮುಂದೆ ಐದು ವರ್ಷ ಸಿಗುತ್ತದೆ. ಆ ಐದು ವರ್ಷಕ್ಕೆ ಹಂಚಿ ನೋಡಿದಾಗ ರಿಪೇರಿ ಕೈಗೆಟುಕುವಂತೆ ಕಂಡರೆ ಮಾಡಿಸಿ. ಬಾಡಿ ತುಕ್ಕು ಹಿಡಿದು ಎಂಜಿನ್ನೂ ಹೊಗೆ ಬಿಡುತ್ತಿದ್ದರೆ ಬೇಡ.

ಹಳೇ ಆಟೋಮ್ಯಾಟಿಕ್ ಕೊಳ್ಳುತ್ತಿದ್ದೇನೆ. ಏನು ನೋಡಲಿ?

ಬೆಳಿಗ್ಗೆ ಹೋಗಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದವರು ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ. ಕಾಫಿ ಕುಡಿದು ಎರಡು ಗಂಟೆ ಬಿಟ್ಟು ಬನ್ನಿ. ತಣ್ಣಗಿರುವಾಗ ಡಿ, ಆರ್ ಎರಡಕ್ಕೂ ಹಾಕಿ ಎಷ್ಟು ಹೊತ್ತಿಗೆ ಹಿಡಿಯುತ್ತದೆ ಎಣಿಸಿ. ನಿಲ್ಲಿಸಿದ್ದ ಜಾಗದ ನೆಲದಲ್ಲಿ ಕೆಂಪು ಕಲೆ ಇದೆಯಾ ನೋಡಿ. ಆಮೇಲೆ ಕಡಿಮೆ ಅಂದರೂ ಅರ್ಧ ಗಂಟೆ ಓಡಿಸಿ, ಒಂದು ಒಳ್ಳೆಯ ಏರು ಹತ್ತಿಸಿ. ಎಲ್ಲ ಗೇರೂ ಎರಡು ದಿಕ್ಕಿನಲ್ಲೂ ಬದಲಾಗಲಿ. ಪೂರ್ತಿ ಬಿಸಿಯಾದ ಮೇಲೆ ಮತ್ತೆ ರಿವರ್ಸ್ ಹಾಕಿ ಸಣ್ಣ ದಿಬ್ಬದ ಮೇಲೆ ಹಿಂದಕ್ಕೆ ಹತ್ತಿಸಿ. ಸವೆದ ಗೇರ್‌ಬಾಕ್ಸ್ ಎಷ್ಟೋ ಸಲ ಸಿಕ್ಕಿಬೀಳುವುದು ಈ ಹಿಂದಿನ ಏರಿನಲ್ಲೇ. ಟೆಸ್ಟ್ ಡ್ರೈವ್ ಅಂತ ಬರೀ ಲೇಔಟ್ ಒಳಗೆ ಒಂದು ಸುತ್ತು ಹೊಡೆಸಿ ವಾಪಸ್ ಕರೆಯುವವರ ಹತ್ತಿರ ಗಾಡಿ ತಗೊಳ್ಳಬೇಡಿ.